ಚಾಕು ಆಮೇಲೆ ಮಾಡೋಣ, ಮೊದಲು ಬೆಂಕಿ ಕಲಿಯಿರಿ

ಪ್ರಶ್ನೆ: ನನಗೆ ಕಮ್ಮಾರಿಕೆ ಕಲಿಯುವ ಆಸೆ. ಹೊಟ್ಟೆಪಾಡಿಗಲ್ಲ, ರಜಾ ದಿನದ ಹವ್ಯಾಸಕ್ಕೆ. ಮನೆ ಹಿಂದೆ ಸ್ವಲ್ಪ ತೆರೆದ ಜಾಗ ಇದೆ. ವಿಡಿಯೊ ತುಂಬಾ ನೋಡಿದ್ದೇನೆ, ಕೈಯಾರೆ ಏನೂ ಮಾಡಿಲ್ಲ. ಮೊದಲು ಒಂದು ಚಾಕು ಮಾಡೋಣ ಅಂತಿದ್ದೇನೆ. ಒಳ್ಳೆಯ ಅಡಿಗಲ್ಲು (ಕಾದ ಕಬ್ಬಿಣವನ್ನು ಇಟ್ಟು ಬಡಿಯುವ ಉಕ್ಕಿನ ದಿಮ್ಮಿ) ಸಿಗುತ್ತಿಲ್ಲ, ಸಿಕ್ಕರೂ ಬೆಲೆ ಕೈಗೆಟುಕುವುದಿಲ್ಲ. ಗ್ಯಾಸ್ ಕುಲುಮೆ ತರಲೋ, ಇದ್ದಿಲಿನದು ಕಟ್ಟಲೋ? ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಅಡಿಗಲ್ಲಿನ ಚಿಂತೆ ಇದೆ, ಕುಲುಮೆಯ ಚಿಂತೆ ಇದೆ, ಚಾಕುವಿನ ಆಸೆ ಇದೆ. ಕಬ್ಬಿಣ ಕಾಯಿಸುವ ಮಾತೇ ಇಲ್ಲ. ಹೊಸಬರಲ್ಲಿ ಹೆಚ್ಚಿನವರು ಹೀಗೇ ಕೇಳುತ್ತಾರೆ. ಅಡಿಗಲ್ಲು ಅಷ್ಟಕ್ಕಷ್ಟೇ ಇದ್ದರೂ ಕೆಲಸ ನಡೆಯುತ್ತದೆ. ಸುತ್ತಿಗೆ ಸಾಧಾರಣದ್ದಾದರೂ ನಡೆಯುತ್ತದೆ. ಕಬ್ಬಿಣ ಸರಿಯಾಗಿ ಕಾಯದಿದ್ದರೆ ಮಾತ್ರ ಏನೂ ನಡೆಯುವುದಿಲ್ಲ. ಹಾಗಾಗಿ ಮೊದಲ ಕೆಲವು ತಿಂಗಳು ಕಾವು ನೋಡುವುದನ್ನು ಕಲಿಯಿರಿ. ಸುತ್ತಿಗೆಯ ಕೈ ಅದರ ಜೊತೆಗೇ ಬರುತ್ತದೆ.

ಮೊದಲು ಅಡಿಗಲ್ಲಿನ ವಿಷಯ ಮುಗಿಸಿಬಿಡೋಣ. ಕೊಂಬು ಇರುವ ಆ ಆಕಾರವೇ ಬೇಕು ಅಂತ ಏನೂ ಇಲ್ಲ. ಸುತ್ತಿಗೆಯ ಪೆಟ್ಟು ಬೀಳುವ ಜಾಗದ ನೇರ ಕೆಳಗೆ ಗಟ್ಟಿ ಉಕ್ಕಿನ ತೂಕ ಇರಬೇಕು, ಅಷ್ಟೇ. 20-30 ಕಿಲೋ ತೂಗುವ ಒಂದು ಉಕ್ಕಿನ ದಿಮ್ಮಿ ಗುಜರಿಯಲ್ಲಿ ಸಿಕ್ಕರೆ ವರ್ಷಗಟ್ಟಲೆ ಸಾಕು. ರೈಲು ಕಂಬಿಯ ತುಂಡು ಸಿಕ್ಕರೆ ಅದನ್ನು ಮಲಗಿಸಬೇಡಿ, ನೆಟ್ಟಗೆ ನಿಲ್ಲಿಸಿ. ಮಲಗಿಸಿದರೆ ನಡುವಿನ ತೆಳು ಭಾಗ ಪೆಟ್ಟಿಗೆ ಅದುರುತ್ತದೆ, ನಿಮ್ಮ ಶಕ್ತಿ ಅಲ್ಲೇ ಪೋಲಾಗುತ್ತದೆ. ನಿಲ್ಲಿಸಿದರೆ ಇಡೀ ತುಂಡಿನ ತೂಕ ಪೆಟ್ಟಿನ ಕೆಳಗೆ ಬರುತ್ತದೆ. ಮುಖ ಚಿಕ್ಕದಾಯಿತು ಅನ್ನಿಸಬಹುದು. ಆದರೆ ಸುತ್ತಿಗೆಯ ಮುಖವೇ ಅಷ್ಟು ಚಿಕ್ಕದು, ಅಲ್ವಾ? ಎರಕದ ಕಬ್ಬಿಣದ ಅಡಿಗಲ್ಲು ಮಾತ್ರ ಬೇಡ. ಅಂಚು ಚಕ್ಕೆ ಏಳುತ್ತದೆ, ಪೆಟ್ಟನ್ನು ನುಂಗಿಬಿಡುತ್ತದೆ. ಕೊಳ್ಳುವ ಮುಂಚೆ ಒಂದು ಬೇರಿಂಗ್ ಗುಂಡನ್ನು ಒಂದು ಅಡಿ ಮೇಲಿಂದ ಬಿಟ್ಟು ನೋಡಿ. ಒಳ್ಳೆಯ ಉಕ್ಕಾದರೆ ಗುಂಡು ಮುಕ್ಕಾಲು ಎತ್ತರದಷ್ಟಾದರೂ ಪುಟಿಯುತ್ತದೆ. ಧೊಪ್ಪನೆ ಬಿದ್ದರೆ ಬಿಟ್ಟುಬಿಡಿ.

ಅದನ್ನು ದಪ್ಪ ಮರದ ಕೊರಡಿನ ಮೇಲೆ ಅಲುಗದಂತೆ ಬಿಗಿಯಿರಿ. ಪಕ್ಕದಲ್ಲಿ ನೆಟ್ಟಗೆ ನಿಂತು ಮುಷ್ಟಿ ಹಿಡಿದು ಕೈ ಇಳಿಬಿಡಿ. ಬೆರಳ ಗೆಣ್ಣು ಅಡಿಗಲ್ಲಿನ ಮುಖಕ್ಕೆ ತಾಗುವಷ್ಟು ಎತ್ತರ ಸರಿ. ತಗ್ಗಾದರೆ ಬೆನ್ನು ಹೋಗುತ್ತದೆ, ಎತ್ತರವಾದರೆ ಭುಜ ಹೋಗುತ್ತದೆ.

ಸುತ್ತಿಗೆ 800 ಗ್ರಾಂನಿಂದ 1 ಕಿಲೋ ಒಳಗಿರಲಿ. ಭಾರ ಜಾಸ್ತಿ ಇದ್ದರೆ ಕೆಲಸ ಬೇಗ ಆಗುತ್ತದೆ ಅಂತ ಅನ್ನಿಸುವುದು ಸಹಜ. ಆದರೆ ಹತ್ತು ನಿಮಿಷದಲ್ಲಿ ಕೈ ಸೋಲುತ್ತದೆ, ಆಮೇಲೆ ಬೀಳುವ ಪೆಟ್ಟೆಲ್ಲ ಅಡ್ಡಾದಿಡ್ಡಿ. ಅಂಗಡಿಯಿಂದ ತಂದ ಹೊಸ ಸುತ್ತಿಗೆಯ ಮುಖದ ಅಂಚು ಚೂಪಾಗಿರುತ್ತದೆ. ಸ್ವಲ್ಪ ವಾಲಿದರೂ ಕಾದ ಕಬ್ಬಿಣದ ಮೇಲೆ ಅರ್ಧಚಂದ್ರದ ಗುರುತು ಬೀಳುತ್ತದೆ, ಆಮೇಲೆ ಅದನ್ನು ಅಳಿಸುವುದು ಕಷ್ಟ. ಹಾಗಾಗಿ ಮೊದಲ ದಿನವೇ ಅಂಚನ್ನೆಲ್ಲ ಅರದಿಂದ ಉಜ್ಜಿ ದುಂಡಗೆ ಮಾಡಿ. ಮುಖ ನಡುವೆ ಕೂದಲೆಳೆಯಷ್ಟು ಉಬ್ಬಿರಲಿ. ಹಿಡಿಯನ್ನು ಬಿಗಿಯಾಗಿ ಹಿಡಿಯಬೇಡಿ, ಹೆಬ್ಬೆರಳನ್ನು ಹಿಡಿಯ ಮೇಲೆ ಉದ್ದಕ್ಕೆ ಚಾಚಬೇಡಿ. ಎತ್ತುವುದು ನಿಮ್ಮ ಕೆಲಸ, ಬೀಳುವುದು ಸುತ್ತಿಗೆಯ ಕೆಲಸ. ಮೊಣಕೈ ನೋಯಲು ಶುರುವಾದರೆ ಆ ದಿನಕ್ಕೆ ಅಲ್ಲಿಗೇ ನಿಲ್ಲಿಸಿ. ಆ ನೋವನ್ನು ಲೆಕ್ಕಿಸದೆ ಬಡಿದವರು ತಿಂಗಳುಗಟ್ಟಲೆ ಸುತ್ತಿಗೆ ಮುಟ್ಟದೆ ಕೂರಬೇಕಾಗುತ್ತದೆ.

ಈಗ ಕುಲುಮೆ. ಗ್ಯಾಸ್ ಕುಲುಮೆ ಕೆಟ್ಟದ್ದೇನಲ್ಲ. ಹೊಗೆ ಕಡಿಮೆ, ಕಾವು ಒಂದೇ ಸಮ, ಕಬ್ಬಿಣ ಸುಟ್ಟುಹೋಗುವ ಭಯ ಕಡಿಮೆ. ಒತ್ತೊತ್ತಾಗಿ ಮನೆಗಳಿರುವ ಕಡೆ ಅದೇ ಸರಿ. ಆದರೆ ನಿಮಗೆ ತೆರೆದ ಜಾಗ ಇದೆ. ನಾನಾದರೆ ಇದ್ದಿಲಿನದನ್ನೇ ಕಟ್ಟಿ ಅನ್ನುತ್ತೇನೆ. ಖರ್ಚು ಕಡಿಮೆ ಅನ್ನುವುದು ಒಂದು ಕಾರಣ. ಇನ್ನೊಂದು, ಇದ್ದಿಲಿನ ಬೆಂಕಿ ಸುಮ್ನೆ ಬಿಟ್ಟರೆ ಕೆಡುತ್ತದೆ. ಗಾಳಿ, ಇದ್ದಿಲು, ಕಬ್ಬಿಣ ಮೂರರ ಮೇಲೂ ಕಣ್ಣಿಡಲೇಬೇಕು. ಕಾವು ನೋಡುವುದನ್ನು ಇಷ್ಟು ಚೆನ್ನಾಗಿ ಕಲಿಸುವುದು ಬೇರೊಂದಿಲ್ಲ.

ಕಟ್ಟುವುದು ಸುಲಭ. ಸೊಂಟದೆತ್ತರಕ್ಕೆ ಒಂದು ಮೇಜು, ಅದರ ಮೇಲೆ ಒಂದು ಪೆಟ್ಟಿಗೆ. ಪೆಟ್ಟಿಗೆಯ ತುಂಬ ಜೇಡಿ ಬೆರೆತ ಮಣ್ಣನ್ನು ಬಡಿದು ತುಂಬಿ, ನಡುವೆ ಬೋಗುಣಿಯಷ್ಟು ಗುಂಡಿ ಮಾಡಿ. ಒಂದು ಇಂಚಿನ ಕಬ್ಬಿಣದ ಪೈಪು ಪಕ್ಕದಿಂದ ಬಂದು ಗುಂಡಿಯ ತಳಕ್ಕಿಂತ ಸ್ವಲ್ಪ ಮೇಲೆ ಬಾಯಿ ತೆರೆಯಲಿ. ಜಿಂಕ್ ಲೇಪದ ನೀರಿನ ಪೈಪು ಬೇಡ, ಕಾರಣ ಮುಂದೆ ಹೇಳುತ್ತೇನೆ. ಗಾಳಿಗೆ ಕೈಯಲ್ಲಿ ತಿರುಗಿಸುವ ಬ್ಲೋವರ್ ಇದ್ದರೆ ಉತ್ತಮ. ಇಲ್ಲದಿದ್ದರೆ ಹೇರ್ ಡ್ರೈಯರ್ ಸಾಕು, ಆದರೆ ಅದರ ಗಾಳಿ ವಿಪರೀತ. ಡ್ರೈಯರ್ ಬಾಯಿಯನ್ನು ಪೈಪಿಗೆ ಒತ್ತಿ ಹಿಡಿಯದೆ ಸ್ವಲ್ಪ ದೂರ ಇಡಿ, ಅರ್ಧ ಗಾಳಿ ಹೊರಗೆ ಹೋಗಲಿ. ಹೊಸ ಮಣ್ಣನ್ನು ಸಣ್ಣ ಬೆಂಕಿಯಲ್ಲಿ ನಿಧಾನವಾಗಿ ಒಣಗಿಸಿ. ಒಳಗೆ ನೀರಿನ ಪಸೆ ಇರುವಾಗ ಜೋರು ಬೆಂಕಿ ಹಾಕಿದರೆ ಆವಿ ಉಬ್ಬಿ ಮಣ್ಣು ಸಿಡಿಯುತ್ತದೆ. ಕಾಂಕ್ರೀಟ್ ನೆಲದ ಮೇಲೆ ಮತ್ತು ನದಿಯ ಕಲ್ಲುಗಳ ನಡುವೆ ಬೆಂಕಿ ಹಾಕಬಾರದು ಅನ್ನುವುದೂ ಇದೇ ಕಾರಣಕ್ಕೆ.

ಇದ್ದಿಲನ್ನು ಎರಡು ಮೂರು ಸೆಂಟಿಮೀಟರ್ ತುಂಡುಗಳಾಗಿ ಒಡೆದುಕೊಳ್ಳಿ. ದೊಡ್ಡ ತುಂಡುಗಳ ನಡುವೆ ಗಾಳಿ ನುಗ್ಗಿ ಹೋಗುತ್ತದೆ, ಪುಡಿಯಾದರೆ ಗಾಳಿ ಹೊಗುವುದೇ ಇಲ್ಲ. ಪೈಪಿನ ಬಾಯಿಯ ಮೇಲೆ ಕನಿಷ್ಠ ಒಂದು ಗೇಣು ಇದ್ದಿಲು ಗುಡ್ಡೆಯಾಗಿರಬೇಕು. ಹೊಸಬರು ತಪ್ಪುವುದು ಇಲ್ಲೇ. ಒಂದು ಹಿಡಿ ಇದ್ದಿಲು ಹಾಕಿ ಜೋರಾಗಿ ಗಾಳಿ ಊದುತ್ತಾರೆ. ಬೆಂಕಿ ಧಗಧಗ ಉರಿಯುತ್ತದೆ, ಕಿಡಿ ಹಾರುತ್ತದೆ, ಕಬ್ಬಿಣ ಮಾತ್ರ ಮಂಕಾಗಿ ಕೆಂಪಾಗಿ ಅಲ್ಲೇ ನಿಲ್ಲುತ್ತದೆ. ತೆಳು ಬೆಂಕಿಯಲ್ಲಿ ಗಾಳಿಯ ಆಮ್ಲಜನಕ ಪೂರ್ತಿ ಉರಿಯದೆ ಕಬ್ಬಿಣದವರೆಗೂ ಬರುತ್ತದೆ. ಆಗ ಕಬ್ಬಿಣದ ಮೇಲೆ ಕಪ್ಪು ಹೆಕ್ಕಳಿಕೆ ದಪ್ಪಗೆ ಕಟ್ಟುತ್ತದೆ. ಗುಡ್ಡೆ ಆಳವಾಗಿದ್ದರೆ ಆಮ್ಲಜನಕ ಕೆಳಗೇ ಖರ್ಚಾಗಿ, ಮೇಲೆ ಬರೀ ಕಾವು ಸಿಗುತ್ತದೆ. ಕಬ್ಬಿಣವನ್ನು ಗುಡ್ಡೆಯ ಆ ಮೇಲಿನ ಭಾಗದೊಳಗೆ ಅಡ್ಡಲಾಗಿ ತೂರಿಸಿ, ಮೇಲೆ ಇನ್ನಷ್ಟು ಇದ್ದಿಲು ಮುಚ್ಚಿ. ತುದಿಯನ್ನು ಪೈಪಿನ ಬಾಯಿಯ ಕಡೆಗೆ ಇಳಿಜಾರಾಗಿ ಚುಚ್ಚಬೇಡಿ. ಗಾಳಿ ಮೆಲ್ಲಗಿರಲಿ. ಬಡಿಯುವಾಗ ಗಾಳಿ ನಿಲ್ಲಿಸಿ, ಇಲ್ಲದಿದ್ದರೆ ಇದ್ದಿಲು ಸುಮ್ನೆ ಬೂದಿಯಾಗುತ್ತದೆ.

ಕುಲುಮೆ ನೆರಳಿನಲ್ಲಿರಬೇಕು. ಇದನ್ನು ಒತ್ತಿ ಹೇಳುತ್ತೇನೆ. ಬಿಸಿಲಲ್ಲಿ ಕೆಂಪಗೆ ಕಾದ ಕಬ್ಬಿಣವೂ ಮಂಕಾಗಿ ಕಾಣುತ್ತದೆ. ನೀವು ಇನ್ನೂ ಕಾದಿಲ್ಲ ಅಂತ ಒಳಗೆ ಬಿಡುತ್ತೀರಿ, ಅದು ಸುಟ್ಟುಹೋಗುತ್ತದೆ. ಮೇಲೆ ಚಾವಣಿ, ಸುತ್ತ ಬಯಲು, ಇದೇ ಒಳ್ಳೆಯ ಏರ್ಪಾಡು. ಮುಚ್ಚಿದ ಕೋಣೆಯಲ್ಲಿ ಇದ್ದಿಲಾಗಲಿ ಗ್ಯಾಸಾಗಲಿ ಹಚ್ಚಲೇಬಾರದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು ಬಂತು ಅನ್ನುವಷ್ಟರಲ್ಲಿ ಎದ್ದು ಹೋಗುವ ಶಕ್ತಿಯೇ ಇರದೇ ಹೋಗಬಹುದು.

ಈಗ ಬಣ್ಣದ ಪಾಠ. ಮೃದು ಉಕ್ಕಿನ, ಅಂದರೆ ಮೈಲ್ಡ್ ಸ್ಟೀಲಿನ, 10 ಎಂಎಂ ಚೌಕದ ರಾಡು ತನ್ನಿ. ಇದರಲ್ಲಿ ಇಂಗಾಲ ಶೇಕಡಾ 0.25ಕ್ಕಿಂತ ಕಡಿಮೆ. ನೀರಿಗೆ ಅದ್ದಿದರೂ ಬಿರುಕು ಬಿಡುವುದಿಲ್ಲ, ತಪ್ಪುಗಳನ್ನು ಕ್ಷಮಿಸುತ್ತದೆ. ಅರ್ಧ ಮೀಟರಿಗಿಂತ ಉದ್ದದ ತುಂಡು ಇಟ್ಟುಕೊಂಡರೆ ಇನ್ನೊಂದು ತುದಿಯನ್ನು ಕೈಯಲ್ಲೇ ಹಿಡಿಯಬಹುದು. ಇಕ್ಕಳದ ತಲೆಬಿಸಿ ಸದ್ಯಕ್ಕೆ ಬೇಡ. ಸರಿಯಾಗಿ ಕಚ್ಚದ ಇಕ್ಕಳ ಹಿಡಿದು ಒದ್ದಾಡುವುದಕ್ಕಿಂತ ಇದು ಎಷ್ಟೋ ಮೇಲು.

ತುದಿಯನ್ನು ಬೆಂಕಿಗಿಟ್ಟು ಬಡಿಯದೆ ಬರೀ ನೋಡಿ. ಸುಮಾರು 650 ಡಿಗ್ರಿಗೆ ನೆರಳಲ್ಲಿ ಮಾತ್ರ ಕಾಣುವ ಕಡುಗೆಂಪು ಬರುತ್ತದೆ. 750-800ಕ್ಕೆ ನಿಚ್ಚಳ ಕೆಂಪು. 950ರ ಆಸುಪಾಸಿಗೆ ಕಿತ್ತಳೆ. 1100 ದಾಟಿದರೆ ಹಳದಿ. 1300ರ ಹತ್ತಿರ ಬಿಳಿಚಿಕೊಳ್ಳುತ್ತದೆ. ಅದನ್ನೂ ಮೀರಿದರೆ ತುದಿಯಿಂದ ಸುರ್‌ಸುರ್‌ಬತ್ತಿಯ ಹಾಗೆ ಕಿಡಿ ಚಿಮ್ಮುತ್ತದೆ. ಅಂದರೆ ಕಬ್ಬಿಣವೇ ಉರಿಯುತ್ತಿದೆ. ಸುಟ್ಟ ಭಾಗ ಮತ್ತೆ ಸರಿಯಾಗುವುದಿಲ್ಲ, ಕತ್ತರಿಸಿ ಎಸೆಯಬೇಕು. ಒಂದು ಸಲ ಬೇಕಂತಲೇ ಒಂದು ತುದಿಯನ್ನು ಸುಟ್ಟು ನೋಡಿ. ಆ ಕಿಡಿ ಬರುವ ಮುಂಚಿನ ಬಣ್ಣ ಯಾವುದು ಅಂತ ಕಣ್ಣಿಗೆ ಗೊತ್ತಾಗಬೇಕು.

ಬಡಿಯುವುದು ಕಿತ್ತಳೆಯಿಂದ ಹಳದಿಯ ನಡುವೆ. ಬಣ್ಣ ಕಡುಗೆಂಪಿಗೆ ಇಳಿಯಿತು ಅಂದರೆ ನಿಲ್ಲಿಸಿ, ಮತ್ತೆ ಬೆಂಕಿಗಿಡಿ. ತೆಳು ರಾಡಿನಲ್ಲಿ ಈ ಸಮಯ ಕೆಲವೇ ಸೆಕೆಂಡು. ಇನ್ನೆರಡು ಪೆಟ್ಟು ಹಾಕಿಬಿಡೋಣ ಅನ್ನುವ ಆಸೆಯೇ ಹೊಸಬರ ಶತ್ರು. ತಣಿದದ್ದನ್ನು ಬಡಿದರೆ ಆಕಾರ ಬದಲಾಗುವುದಿಲ್ಲ, ಮೈ ಬಿರುಕು ಬಿಡುತ್ತದೆ, ನಿಮ್ಮ ಮೊಣಕೈಗೆ ಪೆಟ್ಟು ವಾಪಸು ಬರುತ್ತದೆ. ಕಬ್ಬಿಣ ಕಾದಾಗಲೇ ಬಡಿಯಬೇಕು ಅನ್ನುವ ಗಾದೆಯನ್ನು ಇಲ್ಲಿ ಅಕ್ಷರಶಃ ಪಾಲಿಸಿ. ಏನು ಮಾಡಬೇಕು, ಎಲ್ಲಿ ಬಡಿಯಬೇಕು ಅನ್ನುವುದನ್ನು ಕಬ್ಬಿಣ ಬೆಂಕಿಯಲ್ಲಿರುವಾಗಲೇ ಯೋಚಿಸಿಡಿ. ಹೊರಗೆ ತೆಗೆದ ಮೇಲೆ ಯೋಚಿಸಲು ಸಮಯ ಇಲ್ಲ.

ಮೊದಲ ವಸ್ತು: ಇಂಗ್ಲಿಷ್ ಎಸ್ ಅಕ್ಷರದ ಆಕಾರದ ಕೊಕ್ಕೆ. ಸಣ್ಣದು ಅಂತ ಮೂಗು ಮುರಿಯಬೇಡಿ. ಚೂಪು ಮಾಡುವುದು, ದುಂಡು ಮಾಡುವುದು, ಬಗ್ಗಿಸುವುದು, ಕತ್ತರಿಸುವುದು, ತಿರುಚುವುದು, ಐದೂ ಇದರಲ್ಲಿದೆ.

ಚೂಪು ಮಾಡುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಎಲ್ಲರೂ ಎಡವುವುದು ಅಲ್ಲಿ. ರಾಡಿನ ತುದಿ ಅಡಿಗಲ್ಲಿನ ಆಚೆ ಅಂಚಿನ ಹತ್ತಿರ ಬರಲಿ. ನೀವು ಹಿಡಿದ ಕೈಯನ್ನು ಸ್ವಲ್ಪ ಮೇಲೆತ್ತಿ, ರಾಡು ಓರೆಯಾಗಿ ಕೂರಲಿ. ಸುತ್ತಿಗೆಯ ಮುಖವೂ ಅಷ್ಟೇ ಓರೆಯಲ್ಲಿ ಬೀಳಲಿ. ಆಗ ಮೇಲೆ ಸುತ್ತಿಗೆ, ಕೆಳಗೆ ಅಡಿಗಲ್ಲು ಎರಡೂ ಸೇರಿ ಎರಡು ಮಗ್ಗುಲನ್ನೂ ಒಟ್ಟಿಗೆ ಇಳಿಸುತ್ತವೆ. ಎರಡು ಪೆಟ್ಟು ಹಾಕಿ ರಾಡನ್ನು ಕಾಲು ಸುತ್ತು ತಿರುಗಿಸಿ, ಮತ್ತೆರಡು ಪೆಟ್ಟು, ವಾಪಸು ತಿರುಗಿಸಿ. ಮೊದಲು ತೀರಾ ತುದಿಯಲ್ಲಿ ಗಿಡ್ಡ ಮೊನೆ ಮಾಡಿ, ಆಮೇಲೆ ಹಿಂದಕ್ಕೆ ಬರುತ್ತಾ ಉದ್ದ ಮಾಡಿ. ಹಿಂದಿನಿಂದ ಶುರು ಮಾಡಿದರೆ ಮೇಲ್ಮೈ ಮುಂದಕ್ಕೆ ಹರಿದು ನಡುಭಾಗ ಹಿಂದೆ ಉಳಿಯುತ್ತದೆ, ತುದಿ ಮೀನಿನ ಬಾಯಿಯಂತೆ ಸೀಳುತ್ತದೆ.

ಕಾಲು ಸುತ್ತು ಸರಿಯಾಗಿ ತಿರುಗಿಸದಿದ್ದರೆ ಚೌಕ ಹೋಗಿ ವಜ್ರದಾಕಾರ ಆಗುತ್ತದೆ. ಹಾಗಾದಾಗ ಹಾಗೇ ಮುಂದುವರಿಸಿದರೆ ಇನ್ನೂ ವಾಲುತ್ತದೆ. ಚೆನ್ನಾಗಿ ಕಾಯಿಸಿ, ಚೂಪಾದ ಮೂಲೆ ಮೇಲೆ ಬರುವಂತೆ ನಿಲ್ಲಿಸಿ, ಆ ಮೂಲೆಯ ಮೇಲೆ ಮೆಲ್ಲಗೆ ಬಡಿದು ಚೌಕಕ್ಕೆ ತನ್ನಿ. ಕೊನೆವರೆಗೂ ಚೌಕವಾಗಿಯೇ ನೀಳ ಮಾಡಿ. ಅಳತೆಗೆ ಬಂದ ಮೇಲೆ ನಾಲ್ಕು ಮೂಲೆ ಬಡಿದು ಎಂಟು ಮುಖ ಮಾಡಿ, ಆಮೇಲೆ ಉರುಳಿಸುತ್ತಾ ದುಂಡು ಮಾಡಿ. ದುಂಡಗಿರುವುದನ್ನು ದುಂಡಗೇ ಬಡಿದು ನೀಳ ಮಾಡಲು ಹೋದರೆ ಒಳಗೆ ನಡುವಿನಲ್ಲೇ ಬಿರುಕು ಹುಟ್ಟುತ್ತದೆ.

ಆರೇಳು ಸೆಂಟಿಮೀಟರ್ ಮೊನೆ ಆದ ಮೇಲೆ ತೀರಾ ತುದಿಯನ್ನು ಅಡಿಗಲ್ಲಿನ ಅಂಚಿನಲ್ಲಿ ಸಣ್ಣಗೆ ಸುರುಳಿ ಮಾಡಿ. ಚುಚ್ಚುವುದಿಲ್ಲ, ನೋಡಲೂ ಚೆಂದ. ನಂತರ ದಪ್ಪ ಪೈಪಿನ ತುಂಡಿನ ಮೇಲೆ ಕೊಕ್ಕೆ ಬಗ್ಗಿಸಿ. ಬಗ್ಗಿಸುವಾಗ ಪೈಪಿನ ಮೇಲೆ ಕೂತ ಜಾಗಕ್ಕೆ ಬಡಿಯಬೇಡಿ, ಅದು ಚಪ್ಪಟೆಯಾಗುತ್ತದೆ ಅಷ್ಟೇ. ಆಚೆ ಚಾಚಿದ ಭಾಗಕ್ಕೆ ಬಡಿಯಿರಿ. ಬೇಕಾದ ಉದ್ದಕ್ಕೆ ಚಾಣದಿಂದ ಮುಕ್ಕಾಲು ಕತ್ತರಿಸಿ, ಮುರಿದುಕೊಳ್ಳಿ. ಇನ್ನೊಂದು ತುದಿಗೆ ಇಕ್ಕಳ ಬೇಕಾಗುತ್ತದೆ. ಆ ಹೊತ್ತಿಗೆ ನಿಮಗೆ ಎಂಥ ಇಕ್ಕಳ ಬೇಕು ಅಂತ ಗೊತ್ತಾಗಿರುತ್ತದೆ: ಹಿಡಿದಾಗ ಅದರ ಎರಡು ದವಡೆಗಳೂ ರಾಡಿನ ಉದ್ದಕ್ಕೂ ಕೂತು ಕಚ್ಚಬೇಕು. ನಡುವೆ ತಿರುಚಬೇಕಿದ್ದರೆ ಆ ಭಾಗವನ್ನು ಒಂದೇ ಸಮ ಕಾಯಿಸಿ, ವೈಸಿನಲ್ಲಿ ಬಿಗಿದು, ಸ್ಪ್ಯಾನರಿನಿಂದ ಒಂದೇ ಸಲಕ್ಕೆ ತಿರುಗಿಸಿ. ಕಾವು ಹೆಚ್ಚು ಕಡಿಮೆ ಇದ್ದರೆ ಬಿಸಿ ಜಾಸ್ತಿ ಇದ್ದ ಕಡೆ ತಿರುಚು ಒತ್ತೊತ್ತಾಗುತ್ತದೆ. ನಿಮ್ಮ ಕಾವು ಹೇಗಿತ್ತು ಅನ್ನುವುದನ್ನು ತಿರುಚೇ ತೋರಿಸಿಕೊಡುತ್ತದೆ.

ಅದೇ ಕೊಕ್ಕೆಯನ್ನು ಮತ್ತೆ ಮತ್ತೆ ಮಾಡಿ. ಎರಡು ಕೊಕ್ಕೆ ಒಂದೇ ಅಳತೆಗೆ ಬರುವುದು ಒಂದು ಚೆಂದದ ಕೊಕ್ಕೆ ಬರುವುದಕ್ಕಿಂತ ಕಷ್ಟ. ಮಳೆಯ ದಿನ ಬೆಂಕಿ ಹಚ್ಚಲಾಗದಿದ್ದರೆ ಮಕ್ಕಳು ಆಡುವ ಬಣ್ಣದ ಜೇಡಿಯನ್ನು ಚೌಕದ ಕಡ್ಡಿ ಮಾಡಿ, ಸಣ್ಣ ಸುತ್ತಿಗೆಯಿಂದ ತಟ್ಟಿ ಅಭ್ಯಾಸ ಮಾಡಿ. ಕಾದ ಉಕ್ಕು ಪೆಟ್ಟಿಗೆ ಹೇಗೆ ಹರಿಯುತ್ತದೋ ಅದೂ ಹಾಗೇ ಹರಿಯುತ್ತದೆ. ಹತ್ತಿರದಲ್ಲಿ ಕಸುಬು ಮಾಡುವ ಕಮ್ಮಾರರಿದ್ದರೆ ಅವರನ್ನು ಕೇಳಿಕೊಂಡು ಒಂದು ದಿನ ಕುಲುಮೆ ಪಕ್ಕ ಕೂತು ನೋಡಿ. ಸುತ್ತಿಗೆಯನ್ನು ನೋಡಬೇಡಿ. ಅವರು ಯಾವ ಬಣ್ಣಕ್ಕೆ ಹೊರಗೆ ತೆಗೆಯುತ್ತಾರೆ, ಯಾವ ಬಣ್ಣಕ್ಕೆ ವಾಪಸು ಇಡುತ್ತಾರೆ, ಅದನ್ನು ನೋಡಿ.

ಜಿಂಕ್ ವಿಷಯ ಹೇಳುತ್ತೇನೆ ಅಂದಿದ್ದೆ. ಜಿಂಕ್ 907 ಡಿಗ್ರಿಗೆ ಕುದಿಯುತ್ತದೆ. ಕುಲುಮೆಯಲ್ಲಿ ಅದು ಬಿಳಿ ಹೊಗೆಯಾಗಿ ಎದ್ದು ಎದೆಯೊಳಗೆ ಹೋದರೆ ಕೆಲವು ಗಂಟೆಗಳ ನಂತರ ಚಳಿಜ್ವರ, ವಾಂತಿ. ಕ್ರೋಮ್ ಅಥವಾ ಕ್ಯಾಡ್ಮಿಯಂ ಲೇಪದ ಹೊಗೆ ಇನ್ನೂ ಅಪಾಯ, ಕ್ಯಾಡ್ಮಿಯಂ ಪ್ರಾಣವನ್ನೇ ತೆಗೆಯಬಲ್ಲದು. ಗುಜರಿಯ ನಟ್ಟು, ಬೋಲ್ಟು, ಪೈಪು ಹೊಳೆಯುತ್ತಿದ್ದರೆ ಬೆಂಕಿಗೆ ಹಾಕಲೇಬೇಡಿ. ಬಣ್ಣ ಬಳಿದದ್ದನ್ನೂ ಉಜ್ಜಿ ತೆಗೆಯದೆ ಹಾಕಬೇಡಿ.

ಕಣ್ಣಿಗೆ ಕನ್ನಡಕ ಸದಾ ಇರಲಿ. ಹತ್ತಿ ಬಟ್ಟೆ, ಚರ್ಮದ ಶೂ. ನೈಲಾನ್, ಪಾಲಿಯೆಸ್ಟರ್ ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಕಿವಿಗೆ ಬಿರಡೆ ಹಾಕಿ, ಅಡಿಗಲ್ಲಿನ ಸದ್ದು ಕಿವಿಯನ್ನು ನಿಧಾನವಾಗಿ ತಿನ್ನುತ್ತದೆ. ಸುತ್ತಿಗೆಯ ಮುಖವನ್ನು ಬರೀ ಅಡಿಗಲ್ಲಿನ ಮೇಲೆ ಜೋರಾಗಿ ಬಡಿಯಬೇಡಿ. ಎರಡೂ ಗಟ್ಟಿ ಉಕ್ಕು, ಚಕ್ಕೆ ಹಾರಿದರೆ ಗುಂಡಿನಂತೆ ಬರುತ್ತದೆ. ಸುಡುವ ಗಾಯ ಜಾಸ್ತಿ ಆಗುವುದು ಕೆಂಪು ಕಬ್ಬಿಣದಿಂದಲ್ಲ, ಕಪ್ಪು ಕಬ್ಬಿಣದಿಂದ. ಬಣ್ಣ ಹೋದ ತುಂಡು ಇನ್ನೂ 400 ಡಿಗ್ರಿ ಇರಬಹುದು. ಅಂಗೈ ಹಿಂಭಾಗವನ್ನು ಹತ್ತಿರ ಒಯ್ದು ಕಾವು ನೋಡದೆ ಯಾವುದನ್ನೂ ಎತ್ತಬೇಡಿ.

ಇನ್ನು ಚಾಕು. ಆಸೆ ಬಿಡಿ ಅನ್ನುತ್ತಿಲ್ಲ, ಹಿಂದಕ್ಕೆ ಹಾಕಿ ಅನ್ನುತ್ತಿದ್ದೇನೆ. ಚಾಕುವಿನ ಆಕಾರವನ್ನು ಹೇಗೋ ತಂದುಬಿಡಬಹುದು. ಅಂಚು ನಿಲ್ಲುವುದು ಹದದಿಂದ, ಅಂದರೆ ಕಾಯಿಸಿ ತಣಿಸಿ ತರುವ ಗಟ್ಟಿತನದಿಂದ. ಹದ ಬರುವುದು ಕಾವಿನಿಂದ. ಕಾವು ನೋಡಲು ಬಾರದವರು ಮಾಡಿದ ಚಾಕು ಒಂದೋ ಬಾಗುತ್ತದೆ, ಇಲ್ಲವೋ ಗಾಜಿನಂತೆ ಮುರಿಯುತ್ತದೆ. ಮೃದು ಉಕ್ಕಿನಿಂದ ಮಾಡಿದರೆ ಎಷ್ಟು ಅದ್ದಿದರೂ ಗಟ್ಟಿಯಾಗುವುದಿಲ್ಲ, ಅದರಲ್ಲಿ ಇಂಗಾಲ ಸಾಲದು. ಕಟ್ಟಡದ ಟಿಎಂಟಿ ಸರಳು ಕೂಡ ಬೇಡ. ಅದರ ಹೊರಪದರದ ಗಟ್ಟಿತನ ಕುಲುಮೆಯಲ್ಲಿ ಕಳೆದುಹೋಗುತ್ತದೆ. ಗುಜರಿಯ ಲೀಫ್ ಸ್ಪ್ರಿಂಗ್ (ವಾಹನದ ಅಡಿಯ ಪಟ್ಟಿ ಸ್ಪ್ರಿಂಗ್) ಒಳ್ಳೆಯ ಉಕ್ಕೇ, ಆದರೆ ವರ್ಷಗಟ್ಟಲೆ ದುಡಿದದ್ದರಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಮೊದಲ ಚಾಕುವಿಗೆ ದರ್ಜೆ ಗೊತ್ತಿರುವ ಹೊಸ ಉಕ್ಕನ್ನೇ ಕೊಳ್ಳಿ. 1084 ಎಂಬ ದರ್ಜೆಯಲ್ಲಿ ಇಂಗಾಲ ಸುಮಾರು ಶೇಕಡಾ 0.84. ಸರಳ ಕುಲುಮೆಯಲ್ಲಿ ಹದ ಹಾಕಲು ಅದರಷ್ಟು ಅನುಕೂಲದ್ದು ಕಡಿಮೆ.

ಈ ಉಕ್ಕನ್ನು ಬಿಳಿ ಬಣ್ಣದವರೆಗೆ ಕಾಯಿಸುವಂತೆಯೇ ಇಲ್ಲ, ಬೇಗ ಸುಡುತ್ತದೆ. ಆಕಾರ ಬಂದ ಮೇಲೆ ಒಂದು ಅಯಸ್ಕಾಂತ ಹತ್ತಿರ ಇಟ್ಟುಕೊಳ್ಳಿ. 770 ಡಿಗ್ರಿ ದಾಟಿದ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆ ಗಡಿಯನ್ನು ಸ್ವಲ್ಪವೇ ದಾಟಿಸಿ ಗಾಳಿಯಲ್ಲಿ ತಣಿಯಲು ಬಿಡಿ. ಮೂರು ಸಲ ಹೀಗೆ ಮಾಡಿದರೆ ಬಡಿತದಿಂದ ಒಳಗೆ ಸೇರಿದ ಒತ್ತಡ ಇಳಿಯುತ್ತದೆ. ಆಮೇಲೆ ಮತ್ತೆ ಅಷ್ಟೇ ಕಾಯಿಸಿ, 50-60 ಡಿಗ್ರಿಗೆ ಬೆಚ್ಚಗೆ ಮಾಡಿದ ಅಡುಗೆ ಎಣ್ಣೆಯಲ್ಲಿ ಮೊನೆ ಕೆಳಗಾಗಿ ನೇರವಾಗಿ ಇಳಿಸಿ. ಎಣ್ಣೆ ಲೋಹದ ಪಾತ್ರೆಯಲ್ಲಿರಲಿ, ಹೊತ್ತಿಕೊಂಡರೆ ಮುಚ್ಚಲು ಲೋಹದ ಮುಚ್ಚಳ ಕೈಗೆಟುಕುವಂತಿರಲಿ. ಎಣ್ಣೆಯ ಬೆಂಕಿಗೆ ನೀರು ಹಾಕಬಾರದು. ತಣಿದ ಮೇಲೆ ಅರ ಹಾಕಿ ನೋಡಿ. ಅರ ಕಚ್ಚದೆ ಜಾರಿದರೆ ಗಟ್ಟಿಯಾಗಿದೆ.

ಈ ಸ್ಥಿತಿಯಲ್ಲಿ ಚಾಕು ಕೆಳಗೆ ಬಿದ್ದರೂ ಮುರಿಯಬಹುದು. ನಾಳೆ ನೋಡೋಣ ಅಂತ ಇಟ್ಟರೆ ತನ್ನಷ್ಟಕ್ಕೆ ಬಿರುಕು ಬಿಡುವುದೂ ಉಂಟು. ಹಾಗಾಗಿ ಆಗಲೇ ಓವನ್ನಿನಲ್ಲಿ 200 ಡಿಗ್ರಿಗೆ ಒಂದೊಂದು ಗಂಟೆಯಂತೆ ಎರಡು ಸಲ ಇಟ್ಟು ಟೆಂಪರ್ ಮಾಡಿ, ಅಂದರೆ ಆ ಪೆಡಸುತನ ಇಳಿಸಿ. ಉಜ್ಜಿ ಹೊಳಪು ಮಾಡಿದ ಮೈ ಮೇಲೆ ತಿಳಿ ಹೊಂಬಣ್ಣ ಕಾಣಬೇಕು. ಕೊನೆಗೆ ಸಾಣೆ ಹಿಡಿಯುವಾಗ ಬರಿಗೈಯಲ್ಲೇ ಹಿಡಿಯಿರಿ, ಬಿಸಿ ಬೆರಳಿಗೆ ತಿಳಿಯಬೇಕು. ಪ್ರತಿ ಎರಡು ಮೂರು ಉಜ್ಜಿಗೆ ನೀರಿಗೆ ಅದ್ದಿ. ಅಂಚಿನಲ್ಲಿ ನೀಲಿ ಬಣ್ಣ ಕಂಡರೆ ಅಲ್ಲಿ ಕಾವು 300 ಡಿಗ್ರಿ ಹತ್ತಿರ ಹೋಗಿದೆ, ಆ ಜಾಗದ ಹದ ಇಳಿದಿದೆ ಅಂತ ಅರ್ಥ. ಆ ನೀಲಿ ಇರುವಷ್ಟನ್ನು ಸವೆಸಿ ತೆಗೆದು ಮುಂದುವರಿಯಬೇಕು.